ನನ್ನ ಸ್ಕೂಟರಿನ ಕಲೆ

ಗೆಲುವಿನಲ್ಲಿ ನನ್ನದೂ ಒಂದು ಪಾಲಿದೆ.
ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ.

ರಾಜಾಜಿನಗರದ ನಮ್ಮ ಕಾಲೇಜಿನಲ್ಲಿ
ಬ್ಯಾಸ್ಕೆಟ್‌ಬಾಲ್ ಅಂಕಣ ಅಂತ ಇರುವುದು ಒಂದು ಸಿಮೆಂಟು ನೆಲ.
ಬೆಳಿಗ್ಗೆ ಎಂಟೂವರೆವರೆಗೆ ಹುಡುಗಿಯರದ್ದು,
ಆಮೇಲೆ ಸಿಬ್ಬಂದಿಯ ಗಾಡಿಗಳದ್ದು.
ಹದಿನೇಳು ವರ್ಷದಿಂದ ನನ್ನ ಸ್ಕೂಟರು ನಿಲ್ಲುವುದು
ಫ್ರೀ ಥ್ರೋ ಗೆರೆಯ ಮೇಲೆ.
ಅದು ಫ್ರೀ ಥ್ರೋ ಗೆರೆ ಎಂದು ಗೊತ್ತಾದದ್ದು ಈಚೆಗೆ.
ಅಲ್ಲಿ ಹೊಂಗೆಮರದ ನೆರಳು ಬೀಳುತ್ತದೆ, ಅಷ್ಟೇ.

ಸ್ಕೂಟರಿನಿಂದ ಎಣ್ಣೆ ಸೋರುತ್ತದೆ,
ದಿನಕ್ಕೆ ಹತ್ತೋ ಹನ್ನೆರಡೋ ಹನಿ.
ತಟ್ಟೆಯಷ್ಟಿದ್ದ ಕಲೆ ಮೊರದಷ್ಟಾಯಿತು.
ಅಂಜಿನಪ್ಪ ಬೂದಿ ಹಾಕಿ ಉಜ್ಜಿದ, ಸೀಮೆಎಣ್ಣೆ ಹಾಕಿ ಉಜ್ಜಿದ,
"ಇದು ಹೋಗೋದಲ್ಲ ಸಾರ್" ಅಂದ.
ಗ್ರೇಸಿ ಒಂದು ಮುಂಜಾನೆ ಜಾರಿ ಬಿದ್ದು ಮೊಣಕೈ ಸೀಳಿಸಿಕೊಂಡಳು.
ಪಿ.ಟಿ. ಮೇಡಂ ಕುಸುಮಾವತಿ ತಿಂಗಳು ಪೂರ್ತಿ
ನನ್ನೊಡನೆ ಮಾತು ಬಿಟ್ಟರು.
ಬೇರೆ ಕಡೆ ನಿಲ್ಲಿಸಬಹುದಿತ್ತು.
ಬೇರೆ ಕಡೆ ಬಿಸಿಲು.

ಮುನಿಲಕ್ಷ್ಮಿ, ನಂಬರ್ ಏಳು,
ನನ್ನ ತರಗತಿಯ ಕೊನೆಯ ಬೆಂಚು.
ಲಗ್ಗೆರೆಯಿಂದ ಮೊದಲ ಬಸ್ಸಿಗೆ ಬಂದು, ಎರಡು ಗಂಟೆ ಓಡಿ,
ಮೂರನೆಯ ಪೀರಿಯಡ್ಡಿಗೆ ತೂಕಡಿಸುತ್ತಾಳೆ.
ಲೋಪಸಂಧಿಗೊಂದು ಉದಾಹರಣೆ ಹೇಳಮ್ಮ ಎಂದರೆ
ಎದ್ದು ನಿಂತು ನೆಲ ನೋಡುತ್ತಾಳೆ.
"ಊರು, ಅಲ್ಲಿ, ಊರಲ್ಲಿ.
ಸ್ವರ ಬಿಟ್ಟುಹೋಗುತ್ತೆ, ಅರ್ಥ ಕೆಡೋದಿಲ್ಲ"
ಎಂದು ನಾನೇ ಹೇಳಿ ನಾನೇ ಕೂರಿಸುತ್ತೇನೆ.
ಇಂಟರ್ನಲ್ಸಿಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದೇನೆ,
ಅದೂ ಕೈ ಬಿಚ್ಚಿ.

ಎಲ್ಲರೂ ಫೈನಲ್ಲಿಗೆ ಹೋಗಲೇಬೇಕೆಂದು ಸುತ್ತೋಲೆ.
ಹೋದೆ, ಉತ್ತರಪತ್ರಿಕೆಯ ಕಟ್ಟು ಚೀಲದಲ್ಲಿಟ್ಟುಕೊಂಡು.
ಒಳಾಂಗಣ. ಮರದ ನೆಲ.
ಮೇಲಿನ ದೀಪಗಳು ಕೆಳಗೂ ಉರಿಯುತ್ತಿದ್ದವು.
ಚಪ್ಪಲಿ ಬಿಡಬೇಕೇನೋ ಎಂಬಂತೆ
ನಮ್ಮ ಹುಡುಗಿಯರು ಗೆರೆಯಾಚೆ ಒಂದು ಗಳಿಗೆ ನಿಂತರು.
ಎದುರಿನವರು ಬಂದದ್ದು ಅವರದೇ ಬಸ್ಸಿನಲ್ಲಿ.
ನಮ್ಮವರು ಮೆಟ್ರೋದಲ್ಲಿ,
ಚೆಂಡಿನ ಚೀಲ ಎರಡೆರಡು ಸಲ ತಪಾಸಣೆಯಾಗಿ.

ಐವತ್ತೊಂದು, ಐವತ್ತೆರಡು.
ಒಂಬತ್ತು ಸೆಕೆಂಡು.
ಆಸ್ಮತ್ ಎಸೆದಳು. ಮುನಿಲಕ್ಷ್ಮಿ ಹಿಡಿದಳು,
ಎಡಗಡೆಯಿಂದ ನುಗ್ಗಿದಳು.
ಮುಂದೆ ಆರಡಿ ಹುಡುಗಿ, ತೋಳು ಚಾಚಿದರೆ ಗೇಟು.
ನೇರ ಬರುತ್ತಾಳೆಂದು ಅವಳು ನೇರ ದಾರಿ ಮುಚ್ಚಿದಳು,
ಯಾರಾದರೂ ಹಾಗೇ ಬರುತ್ತಿದ್ದರು.
ಆಗ, ಫ್ರೀ ಥ್ರೋ ಗೆರೆಯ ಹತ್ತಿರ,
ಚೊಕ್ಕ, ಹೊಳೆಯುವ, ಏನೂ ಇಲ್ಲದ ಆ ನೆಲದ ಮೇಲೆ
ಮುನಿಲಕ್ಷ್ಮಿ ಏನನ್ನೋ ತಪ್ಪಿಸಿದಳು.
ಮೊರದಗಲ ಏನನ್ನೋ ಸುತ್ತಿ ಹೋದಳು,
ಎಡಗಾಲು ಹೊರಕ್ಕೆ, ಸೊಂಟ ಒಳಕ್ಕೆ,
ಚೆಂಡು ಈ ಕೈಯಿಂದ ಆ ಕೈಗೆ.
ಗೇಟು ಖಾಲಿ ದಾರಿಯನ್ನು ಕಾಯುತ್ತ ಉಳಿಯಿತು.
ಬೋರ್ಡು. ಬಲೆ.
ಒಣಗಿದ ಸೀರೆ ಕೊಡವಿದಷ್ಟು ಸದ್ದು.

ಮೇಡಂ ಕುಸುಮಾವತಿ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದರು.
ನಾನು ಏಳಲಿಲ್ಲ.
ಆ ಕಲೆಯ ಆಕಾರ ನನಗೆ ಗೊತ್ತಿತ್ತು.
ಸ್ವರ ಬಿಟ್ಟುಹೋಗಿತ್ತು.
ಅರ್ಥ ಕೆಟ್ಟಿರಲಿಲ್ಲ.

ಮಾರನೆಯ ದಿನ ಗೇಟಿಗೆ ಫ್ಲೆಕ್ಸು:
ಆಳೆತ್ತರ ಮುಖಂಡರು, ಮಗ್ಗುಲಲ್ಲಿ ಅವರ ಮಗ,
ಕೆಳಗೆ ಅಂಚೆಚೀಟಿಯಷ್ಟು ಹನ್ನೆರಡು ಹುಡುಗಿಯರು.
ಗ್ರೇಸಿ 'ಗೇಸಿ' ಆಗಿದ್ದಳು.
ಲೋಪ ಹೌದು, ಸಂಧಿಯಲ್ಲ.

ಶನಿವಾರ ಮೆಕ್ಯಾನಿಕ್ ನಯಾಜ್ ಬಗ್ಗಿ ನೋಡಿ,
"ಗ್ಯಾಸ್ಕೆಟ್ ಹೋಗಿದೆ ಸಾರ್, ಇನ್ನೂರೈವತ್ತು" ಅಂದ.
ಹದಿನೇಳು ವರ್ಷ ನಾನು ಉಳಿಸಿದ್ದು ಇಷ್ಟು.
ಒಂದು ಗಳಿಗೆ, ನಾಚಿಕೆಯಿಲ್ಲದೆ, ಬೇಡ ಎನ್ನಿಸಿತು.
ಗ್ರೇಸಿಯ ಮೊಣಕೈ ನೆನಪಾಯಿತು.
ಹಾಕಪ್ಪ ಎಂದೆ.

ಸೋಮವಾರ ಗಾಡಿ ಗೇಟಿನ ಹೊರಗೆ, ಬಿಸಿಲಲ್ಲಿ.
ಮೂರನೆಯ ಪೀರಿಯಡ್ಡಿಗೆ ಮುನಿಲಕ್ಷ್ಮಿ ಎಚ್ಚರವಾಗಿದ್ದಳು,
ಕತ್ತಿನಲ್ಲಿ ಪದಕ, ಅದರ ಮೇಲೆ ದುಪಟ್ಟ.
ಅಭ್ಯಾಸಬಲ. ಲೋಪಸಂಧಿಗೊಂದು ಉದಾಹರಣೆ ಕೇಳಿಯೇಬಿಟ್ಟೆ.
ಎದ್ದು ನಿಂತು ನೆಲ ನೋಡಿದಳು.

ಈ ಸಲ ನಾನೂ ನೋಡಿದೆ.