ಸರ್ರಾಜ್ ಸಾಹೇಬರ ಬಾಕಿ

ಮೊರಾಕ್ಕೊ ರಾಯಭಾರಿ ಬರುತ್ತಾರೆಂದು ತಾರು ಬಂದಾಗ
ಡಿ.ಸಿ. ಆಫೀಸಿನ ಗೋಡೆ ನಕ್ಷೆಯಲ್ಲಿ ಆ ದೇಶ
ಜೇಡರಬಲೆಯ ಹಿಂದಿತ್ತು.
ಒರೆಸಿದೆ. ನಾನು ಶಿಷ್ಟಾಚಾರದ ಗುಮಾಸ್ತ,
ದೇವಸೂಗೂರಿನ ಸೂಗಪ್ಪ.
ಹಾರ, ಹಣ್ಣಿನ ಬುಟ್ಟಿ, ಧೂಳು, ಮೂರೂ ನನ್ನ ಸುಪರ್ದಿ.

ದಿಲ್ಲಿಯಿಂದ ಒಂದೂವರೆ ಪುಟ ಬಯೋಡೇಟಾ:
ಇದ್ರೀಸ್ ಸರ್ರಾಜ್, ಊರು ಫೆಜ್.
ಮುತ್ತಜ್ಜ ಸುಲ್ತಾನನ ಕಾಗದ ಹೊತ್ತು
ಹೇಸರಗತ್ತೆ ಮೇಲೆ ಸಮುದ್ರದ ತನಕ ಹೋದವನು,
ಅಜ್ಜ ಹಡಗು ಹತ್ತಿದವನು,
ಅಪ್ಪ ಮಂತ್ರಿ.
ಇವರು ಡಕಾರ್, ಪ್ರಾಗ್, ಲಿಸ್ಬನ್, ಈಗ ದಿಲ್ಲಿ,
ಬರುವ ಮಾರ್ಚಿಗೆ ನಿವೃತ್ತಿ.
ಸಹೋದರರು ಎಂಬಲ್ಲಿ ಒಂದು ಅಡ್ಡಗೆರೆ.

ಗೊಬ್ಬರದ ಮಾತುಕತೆ ಹನ್ನೊಂದಕ್ಕೇ ಮುಗಿಯಿತು.
ಅವರ ನೆಲ ಅಗೆದು ತೆಗೆದ ಬೂದುಪುಡಿ
ಹಡಗಿನಲ್ಲಿ ಬಂದು
ನಮ್ಮ ಸಿಂಧನೂರಿನ ಗದ್ದೆಯಲ್ಲಿ ಭತ್ತವಾಗುತ್ತದಂತೆ.
ತರ್ಜುಮೆ ಜಿಲಾನಿ ಮಾಸ್ತರದು:
ಇವರದು ಕಿತಾಬಿನ ಅರಬಿ, ಅವರದು ಓಣಿಯ ಅರಬಿ,
ನಡುವೆ ಬಿದ್ದದ್ದನ್ನು
ನಗುನಗುತ್ತ ಇಬ್ಬರೂ ಕೈಕುಲುಕಿ ಮುಚ್ಚಿದರು.

ಮೂರರ ಹೊತ್ತಿಗೆ ಕೋಟೆ.
ಉದ್ದನೆ ಕಲ್ಲಿನ ಶಾಸನವನ್ನು ಅವರು ಕೇಳಲೇ ಇಲ್ಲ.
ಪಕ್ಕದಲ್ಲಿ ಅದೇ ಕಲ್ಲನ್ನು ಬಂಡಿಯಲ್ಲಿ ಎಳೆಯುವ
ಕೋಣಗಳ ಸಾಲು ಕೊರೆದಿದೆಯಲ್ಲ,
ಅಲ್ಲಿ ನಿಂತು ನೊಗ ಸವರಿದರು.
ಸರ್ರಾಜ್ ಅಂದರೆ ಜೀನು ಹೊಲಿಯುವವನು ಅಂದರು,
ಮೊದಲು ಹೊಲಿದೆವು,
ಆಮೇಲೆ ಹತ್ತಿದೆವು,
ಹತ್ತಿದ ಮೇಲೆ ಸೂಜಿ ಎಲ್ಲಿಟ್ಟೆವೋ.

ಏಕ್ ಮಿನಾರಿನ ಮಸೀದಿ ಮುಂದೆ:
ನಮ್ಮಲ್ಲೂ ಒಂದೇ.
ಎರಡನೆಯದಕ್ಕೆ ಕೂಗುವವನನ್ನು ಎಲ್ಲಿ ಹುಡುಕುವುದು?

ಮಾಸ್ತರು ನಮಾಜಿಗೆ ಹೋದರು.
ಕೆರೆಯ ಕಟ್ಟೆ ಮೇಲೆ ನಾವಿಬ್ಬರೇ.
ಬಿಸಿಲಿಗೆ ನೀರೂ ಕಣ್ಣು ಕಿರಿದು ಮಾಡಿತ್ತು.
ಬೆರಳು ತೋರಿಸಿ ಹುಬ್ಬೇರಿಸಿದರು.
'ಆಮ್ ತಲಾಬ್' ಅಂದೆ.
'ಆಮ್?'
'ಹೌದ್ರಿ. ಆ ಕಡೆ ಖಾಸ ಬಾವಿ.'
'ಖಾಸ್!'
ನಕ್ಕರು. ಇಡೀ ದಿನದ ಮೊದಲ ನಗು.
ತಮ್ಮೆದೆ ತಟ್ಟಿಕೊಂಡು, ಖಾಸ್.
ಪಕ್ಕದ ಖಾಲಿ ಗಾಳಿಯಲ್ಲಿ
ತಮಗಿಂತ ಒಂದು ಗೇಣು ಎತ್ತರಕ್ಕೆ ಕೈ ಹಿಡಿದು
'ಅಖ್. ಆಮ್.'

ಅಣ್ಣನಿರಬೇಕು.

'ಕೈದ್' ಅಂದರು.
ನನಗೆ ಅರಬಿ ಬಾರದು.
ಆದರೆ ಮೂವತ್ತೊಂದು ವರ್ಷ ಕಡತ ಹೊತ್ತವನ ನಾಲಿಗೆ ಮೇಲೆ
ಯಾರೋ ಎಂದೋ ಬಿಟ್ಟುಹೋದ ಆ ಮಾತುಗಳೇ
ಕನ್ನಡವಾಗಿ ಕೂತಿವೆ.
ಎಂಟು ಬೆರಳು ಎತ್ತಿದರು. ವರ್ಷಗಳು.
'ಅರ್ಜಿ?' ಗಾಳಿಯಲ್ಲಿ ಬರೆದು ಕೇಳಿದೆ.
ತಲೆ ಅಲ್ಲಾಡಿತು.
'ಜಾಮೀನು?'
ಅಲ್ಲಾಡಿತು.
'ನೀವು? ಹಾಜರ್?'
ತುಂಬ ಹೊತ್ತು ನೀರು ನೋಡಿದರು. 'ಗೈರ್.'

ಬಯೋಡೇಟಾದ ಇಸವಿ ಮನಸ್ಸಿನಲ್ಲೇ ಕೂಡಿಸಿದೆ:
ಆ ಎಂಟು ವರ್ಷ ಇವರು ಲಿಸ್ಬನ್ನಿನಲ್ಲಿ
ಮೂರು ಭಾಷೆಗಳಲ್ಲಿ ಸುಮ್ಮನಿದ್ದರು.

ಕೆಳಗೆ ಒಬ್ಬ ಹುಡುಗ ಎಮ್ಮೆಯ ಬೆನ್ನು ತಿಕ್ಕುತ್ತಿದ್ದ,
ಬಡವರ ಮನೆ ಮದುಮಗಳೆಂಬಂತೆ, ಅಷ್ಟು ಜೋಪಾನ.

'ಮತ್ತೆ ಈಗ ಅಣ್ಣಾವ್ರು?' ಅಂದುಬಿಟ್ಟೆ, ಕನ್ನಡದಲ್ಲೇ.
'ಬಾಕಿ' ಅಂದರು.
ಬದುಕಿದ್ದಾನೆ ಅಂತಲೋ
ಲೆಕ್ಕ ಚುಕ್ತಾ ಆಗಿಲ್ಲ ಅಂತಲೋ
ಮಾಸ್ತರು ಬಂದ ಮೇಲೂ ನಾನು ಕೇಳಲಿಲ್ಲ.

ಸಂಜೆ ತೀನ್ ಕಂದೀಲಿನಲ್ಲಿ ಮಂಡಾಳು, ಮಿರ್ಚಿ.
ಎರಡನೇ ಮಿರ್ಚಿಗೆ ಸಾಹೇಬರ ಕಣ್ಣಲ್ಲಿ ನೀರು.
ಖಾರವೆಂದು ಎಲ್ಲರೂ ನಂಬಿ ನೀರು ಕೊಟ್ಟೆವು.

ರಾತ್ರಿ ವರದಿ ಬರೆದೆ:
ಭೇಟಿ ಸುಗಮ. ತಕರಾರು ಇಲ್ಲ.
ಹಾರ ನಾಲ್ಕು, ಹಣ್ಣು ಒಂದು ಬುಟ್ಟಿ, ಜೀಪು ಎರಡು.
ಖರ್ಚು ಒಂಬೈನೂರ ನಲವತ್ತು.
ಬಾಕಿ ಎಂಬ ಕಾಲಮಿನಲ್ಲಿ
ಎಂದಿನಂತೆ ಅಡ್ಡಗೆರೆ ಎಳೆಯಹೋಗಿ
ಎಳೆಯಲಾಗಲಿಲ್ಲ. ಖಾಲಿ ಬಿಟ್ಟೆ.

ಆಡಿಟ್ಟಿನವರು ಎರಡು ಸಲ ಕೇಳಿದ್ದಾರೆ.