ಒಂದು ಕಣ್ಣಿಗೆ ಒಂದೇ ಹನಿ

ಮೊದಲ ವಾರ ನಮ್ಮ ಕೈಗೆ ಕೊಟ್ಟದ್ದು ಕುರಿಯಲ್ಲ,
ಕಿತ್ತಳೆ ಹಣ್ಣು.
ಸಿಪ್ಪೆಯೇ ತೊಗಲು, ತೊಳೆಯೇ ಮಾಂಸ ಅಂದುಕೊಳ್ಳಿ,
ನಡುವೆ ಬಿಳಿ ನಾರಿದೆಯಲ್ಲ,
ಅಲ್ಲಿ ನಿಲ್ಲಬೇಕು ಮದ್ದು, ಎಂದರು ತೆಮಿರ್‌ಕುಲ್ ಮೇಷ್ಟ್ರು.
ಸಂಜೆ ಆ ಹಣ್ಣನ್ನು ಯಾರೂ ತಿನ್ನಲಿಲ್ಲ.
ನೀರು ಚುಚ್ಚಿ ಚುಚ್ಚಿ ಊದಿಕೊಂಡಿತ್ತು,
ನಲವತ್ತೊಂದಕ್ಕೆ ಪರೀಕ್ಷೆಗೆ ಕೂತ ನನ್ನ ಹಾಗೆ.

ಹನ್ನೊಂದು ಹುಡುಗರು, ನಾನೊಬ್ಬಳು.
ನರಿನ್ ಪೇಟೆಯ ಹಳೇ ಕಟ್ಟಡ, ಗೋಡೆಗೊಂದು ಕಾಗದದ ಕುದುರೆ,
ಮೈತುಂಬ ನೀಲಿ ಗೀರು.
ಕತ್ತಿನ ಕೊರಕಲಲ್ಲಿ ಹೆಬ್ಬೆರಳೊತ್ತಿ ಕಾಯಿರಿ,
ಒಡ್ಡಿಗೆ ನೀರೇರಿದ ಹಾಗೆ ಏರುತ್ತದೆ ನಾಳ.
ಏರಿತು. ಒಂದು ತಪ್ಪಿತು, ಎರಡು ತಪ್ಪಿತು,
ಮೂರನೆಯ ಸಲ ಕೊಳವೆಯೊಳಗೆ ಕಪ್ಪುಗೆಂಪು, ಬಿಸಿ.
ಕುರಿ ಹಿಡಿಯುವುದು ಮೊದಲೇ ಗೊತ್ತಿತ್ತು ನನಗೆ,
ಕೊಯ್ಯುವುದಕ್ಕೆ. ಹಿಡಿತ ಅದೇ.
ಇವತ್ತು ಬೇರೆ ಕಾರಣ ಅಂತ
ಕುರಿಗೆ ಹೇಳುವುದು ಹೇಗೆ?

ಮೂರನೆಯ ತಿಂಗಳು, ಕಂದು ಹಾಕುವ ರೋಗದ ಪಾಠ.
ಕುರಿಯಿಂದ ಮನುಷ್ಯರಿಗೆ ದಾಟಿದರೆ ಲಕ್ಷಣ, ಬರೆದುಕೊಳ್ಳಿ:
ಸಂಜೆಗೆ ಏರುವ ಜ್ವರ. ನಡುರಾತ್ರಿ ಬೆವರು.
ಸೊಂಟ, ಮಂಡಿ. ಹೋಯಿತು ಅನ್ನುವಷ್ಟರಲ್ಲಿ ಮತ್ತೆ.
ಬರೆಯುತ್ತ ಬರೆಯುತ್ತ ಪುಟದಲ್ಲಿ ನಮ್ಮತ್ತೆ ಎದ್ದು ಕೂತಳು,
ಉಮ್ಸುನಾಯ್,
ಶಾಲು ಸುತ್ತಿ, ಒಲೆಗೆ ಬೆನ್ನು ಕೊಟ್ಟು.
ಹಸು ಕರೆಯುವ ಹೊತ್ತಿಗೆ ಸರಿಯಾಗಿ
ಬರುತ್ತದೆ ನೋಡಿ ನಮ್ಮ ಮುದುಕಿಗೆ ನರಳಾಟ,
ಅಂತ ಒಂಬತ್ತು ವರ್ಷ ನೆರೆಮನೆಯಲ್ಲಿ ನಗಿಸಿದವಳು ನಾನು.

ಕೈ ಕೆಸರಾದರೆ ಬಾಯಿ ಮೊಸರು, ನಿಜ.
ಬರಿಗೈಯಲ್ಲಿ ಎಷ್ಟು ಮರಿ ಎಳೆದಿರಬೇಕು,
ಮಾಸು ಬೀಳದೆ ಒದ್ದಾಡಿದವಕ್ಕೆ ಎಷ್ಟು ರಾತ್ರಿ,
ಕಾಯಿಸದ ಹಾಲು ಎಷ್ಟು ಬಟ್ಟಲು.
ಕೆಸರಿನಿಂದಲೂ ಬಂತು, ಮೊಸರಿನಿಂದಲೂ ಬಂತು.

ಈ ಕುರಿಗಳ ರಕ್ತದ ಸಾಲಲ್ಲಿ
ಒಂದು ಕೊಳವೆ ಮನೆಯವರದ್ದೂ ಇಟ್ಟರೆ?
ಮೇಷ್ಟ್ರು ನಗಲಿಲ್ಲ. ನಾಲ್ಕು ಕಾಲಿನವರಿಗೆ ಈ ಬಾಗಿಲಮ್ಮ,
ಎರಡು ಕಾಲಿನವರಿಗೆ ರಸ್ತೆಯಾಚೆ, ಹಸಿರು ಗೇಟು.
ಅಲ್ಲೂ ಇದೇ ಬಿಳಿ ಬಿಲ್ಲೆ, ಇದೇ ಗುಲಾಬಿ ಹನಿ,
ಒಡೆದ ಹಾಲಿನಂತೆ ಕಾಳು ಕಟ್ಟಿದರೆ ಇದೆ ಅಂತ ಅರ್ಥ.
ಸಾಲು ಮಾತ್ರ ಇಲ್ಲಿಗಿಂತ ಉದ್ದ.

ಕರೆದುಕೊಂಡು ಹೋದೆ. ಕಟ್ಟಿತ್ತು.
ಆರು ವಾರ ಮಾತ್ರೆ. ಎಣಿಸಿ ಕೊಟ್ಟೆ, ಎಣಿಸಿ ನುಂಗಿದಳು.
ಗವಸು ತಂದುಕೊಟ್ಟರೆ ಮೂಗು ಮುರಿದಳು:
ರಬ್ಬರಿನಲ್ಲಿ ಹಿಡಿದರೆ ಮರಿಗೆ ಹೇಗೆ ತಿಳಿಯಬೇಕು
ಭೂಮಿಯಲ್ಲಿ ಬಿಸಿ ಇದೆ ಅಂತ?
ಆ ನೆರೆಮನೆಯ ಮಾತು ಮಾತ್ರ
ಇವತ್ತಿಗೂ ಒಪ್ಪಿಕೊಂಡಿಲ್ಲ ನಾನು.

ವಸಂತಕ್ಕೆ ಲಸಿಕೆ. ನಮ್ಮದೇ ದೊಡ್ಡಿ, ಮುನ್ನೂರ ಹನ್ನೆರಡು.
ರೆಪ್ಪೆ ಬಿಡಿಸು, ಒಂದು ಹನಿ, ಕಣ್ಣು ಮಿಟುಕಲಿ, ಬಿಡು.
ನಿನ್ನ ಕಣ್ಣಿಗೆ ಸಿಡಿದರೆ ನಿನಗೇ ಜ್ವರ, ಕನ್ನಡಕ ಹಾಕು.
ಅಡ್ಡಗೀಟಿನ ಪಾಪೆ, ಅದರೊಳಗೆ ಸಣ್ಣದಾಗಿ ಹಿಮದ ಬೆಟ್ಟ,
ಬೆಟ್ಟದ ಮುಂದೆ ಕನ್ನಡಕ ಹಾಕಿದ ನಾನು.
ಎಪ್ಪತ್ತಾಗುವಷ್ಟರಲ್ಲಿ ನನ್ನ ಕೈ ನಡುಗತೊಡಗಿತ್ತು.
ಹಿಡಿಯುವ ಹುಡುಗ ಬೀಡಿಗೆ ಹೋದವನು ಬಂದಿರಲಿಲ್ಲ.

ಬಂದಳು. ಪಾತ್ರೆ ತೊಳೆಯುವ ಹಳದಿ ಗವಸು ತೊಟ್ಟು,
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಕುರಿಯ ಗಲ್ಲ ಎತ್ತಿ ಹಿಡಿದು, ಹಾಕು, ಎಂದಳು.
ಹಾಕಿದೆ.
ಬರಕೊಳ್ಳುವುದಿಲ್ಲವಾ?
ಕುರಿಗೆ ಹೆಸರಿಲ್ಲ ಅತ್ತೆ, ಬರೀ ನಂಬರು.
ಕುರಿಯದ್ದಲ್ಲ. ಆ ಕೊನೆಯ ಕಾಲಮ್ಮು, ಹಿಡಿದವರು ಅಂತಿದೆಯಲ್ಲ,
ಅಲ್ಲಿ.