ಲಾಗಾ ಇನ್ನೂ ಇಲ್ಲ

ಗೋಕುಲ ರೋಡಿನ ಹಳೇ ಅರಳಿ ಗೋದಾಮಿನ್ಯಾಗ
ಈಗ ಅರಳಿ ಇಲ್ಲ, ಸ್ಪ್ರಿಂಗ್ ಅದಾವು.
ಮಂಗಳವಾರ, ಹುಡುಗರು ಸಾಲಿಗೆ ಹೋದ ಮ್ಯಾಲ,
ಟ್ರ್ಯಾಂಪೋಲಿನ್ನಿಗೆ ಅರ್ಧ ರೇಟು.
ಅದಕ್ಕ ಬಂದೀನಿ ನಾನು:
ಹುಬ್ಬಳ್ಳಿ–ಗದಗ ಗಾಡಿಯ ಕಂಡಕ್ಟರ್,
ವಯಸ್ಸು ನಲವತ್ತೊಂಬತ್ತು, ಇವತ್ತು ವಾರದ ರಜಾ,
ಹತ್ತೂಕಿಂತ ಮೊದಲ ಬಚ್ಚಲಕ್ಕ ಹೋಗಿ ಬಂದಾಕಿ.
ಯಾಕಂತ ಎರಡು ಹಡದವರಿಗೆ ಗೊತ್ತು.

ಕಲಿಸಾಕಿ ಮುಬೀನಾ ನದಾಫ, ಇಪ್ಪತ್ತಮೂರರ ಹುಡುಗಿ.
ಮಣಕಾಲಿಗೆ ಆಪರೇಶನ್ ಆಗೇತೇನು, ಬಿ.ಪಿ. ಐತೇನು,
ಓಲೆ ತಗೀರಿ, ಬಳಿ ತಗೀರಿ,
ತಾಳಿನೂ.
ತಾಳಿಗೆ ಪಿನ್ನು ಹಚ್ಚಾಕ ಹೋದೆ,
ಪಿನ್ನು ಅದಕ್ಕಿಂತ ಕೆಟ್ಟದ್ದು ಅಂದ್ಲು.
ಬಿಚ್ಚಿ ಕೊಟ್ಟೆ. ಅಕಿ ಡಬ್ಬಿಯೊಳಗ
ಯಾರೋ ಬಿಚ್ಚಿಟ್ಟ ವಾಚಿನ ಜೋಡಿ ಕುಂತತು.
ಇಪ್ಪತ್ತನಾಕು ವರ್ಷಕ್ಕ ಮೊದಲ ಸಲ
ಕೊಳ್ಳಿಗೆ ಫ್ಯಾನಿನ ಗಾಳಿ ಹತ್ತಿತು.

ಹಾರೂದು ಕಲಸು ಅಂದೆ.
ಮೊದಲ ನಿಲ್ಲೂದು ಅಂದ್ಲು.

ಮೂರು ಸಲ ಪುಟೀರಿ, ನಾಕನೇದಕ್ಕ ಮಣಕಾಲ ಬಗ್ಗಿಸಿ
ಪುಟಿತಾನ ಅಲ್ಲೇ ನುಂಗ್ರಿ. ಇದಕ್ಕ ಬ್ರೇಕ್ ಅಂತೀವಿ.
ನಾನು ನಕ್ಕೆ. ಬ್ರೇಕ್ ಡ್ರೈವರನ ಕೆಲಸ,
ನಂದು ಸೀಟಿ ಊದೂದಷ್ಟ.
ಆರು ಸಲ ಮಾಡಿದೆ, ಆರೂ ಸಲ
ಆ ಕರೀ ಬಟ್ಟಿ ನನ್ನ ಮಾತ ಕೇಳಲಿಲ್ಲ,
ಕೊಸರಿಕೊಂಡು ಎತ್ತಿ ಒಗೀತು.
ಏಳನೇದಕ್ಕ ಮೆತ್ತಗಾತು,
ಜಗಳಾಡಿ ದಣದ ಕೂಸಿನಂಗ.

ಕಣ್ಣು ಪಾದದ ಮ್ಯಾಲ ಅಲ್ಲ, ಎದುರಿನ ಅಂಚಿನ ಮ್ಯಾಲ.
ನಡುವಿನ ಕೆಂಪು ಗೆರಿ ಬಿಡಬ್ಯಾಡ್ರಿ. ನಾಲಗಿ ಹಲ್ಲಿನ ಹಿಂದ.
ಒಬ್ಬರು ಮ್ಯಾಲಿದ್ದಾಗ ಇನ್ನೊಬ್ಬರು ಹತ್ತೂಹಂಗಿಲ್ಲ.
ಈ ಕಾಯ್ದೆ ನನಗ ಹೊಸಾದು:
ನನ್ನ ಗಾಡಿಯ ಬಾಗಲಾಗs ಹನ್ನೊಂದು ಮಂದಿ ಜೋತಾಡತಾರ.

ಕುಂತು ಏಳೂದಕ್ಕ ಬಂದಾಗ
ಅಂಗೈಯ ಬೆರಳು ಹಿಂದಕ್ಕ ಮಾಡಿ ಊರಿದೆ.
ಮುಂಗೈ ಚುಳ್ ಅಂತು.
ಬೆರಳು ಕಾಲಿನ ಕಡೆ ಅಂತ ಹೇಳಿದ್ನಲ್ಲಾ, ಅಕ್ಕಾರ, ಇಳೀರಿ ಕೆಳಗ.
ಹತ್ತು ಮಿನಿಟು ಸುಮ್ಮನ ಕುಂದರಿಸಿದ್ಲು.

ಆವಾಗ ಹೇಳಿದ್ಲು, ಇದs ಗೋದಾಮಿನ ಮೂಲ್ಯಾಗ
ಅಕಿ ಅಜ್ಜ ಅರಳಿ ಹಿಂಜತಿದ್ನಂತ.
ಬಿಲ್ಲಿನ ಹುರಿಗೆ ಕೊಡತಿ ಬಿದ್ದರ ಠಂಯ್, ಠಂಯ್,
ವರ್ಷಗಟ್ಟಲೆ ಮಂದಿಯ ಭಾರ ಹೊತ್ತು
ಗಂಟಾದ ಗಾದಿ ಹತ್ತಿ
ಗಾಳಿಗೆದ್ದು, ಎಳಿ ಎಳಿ ಬಿಚ್ಚಿ,
ಯಾವ ಅವಸರಾನೂ ಇಲ್ಲದ ಇಳೀತಿತ್ತಂತ.
ಅಜ್ಜನ ಮೀಸಿ ತುಂಬ ಅರಳಿ.
ನಾನು ನನ್ನ ಸೊಂಟ ಮುಟ್ಟಿ ನೋಡಿಕೊಂಡೆ.

ಮೂರನೇ ಮಂಗಳವಾರ
ಕುಂತೆ, ಎದ್ದೆ, ಗಾಳ್ಯಾಗ ತಿರುಗಿ
ಆ ಕಡೆ ಮುಖ ಮಾಡಿ ಕುಂತೆ.
ತಿರುಗೂವಾಗ ಮ್ಯಾಲಿನ ಕಿಡಕಿಯಾಗ
ಡಿಪೋದ ಗಾಡಿಗಳ ನೆತ್ತಿ ಕಂಡತು.
ಹತ್ತೊಂಬತ್ತು ವರ್ಷ ಒಳಗ ನಿಂತೀನಿ,
ಮ್ಯಾಲಿಂದ ನೋಡಿರಲಿಲ್ಲ.
ಒಂದರ ಮ್ಯಾಲ ಯಾರದೋ ಒಂಟಿ ಚಪ್ಪಲಿ ಬಿದ್ದಿತ್ತು.

ಹಂಗಾದ್ರ ಲಾಗಾ? ಅಂದೆ, ತೇಕುತ್ತ.
ಫೋಮಿನ ಗುಂಡಿ ಅರ್ಧಾನೂ ತುಂಬಿಲ್ಲರಿ,
ಮಾಲಕರು ರೊಕ್ಕ ಕೊಟ್ಟಿಲ್ಲ.
ಅದು ತುಂಬಬೇಕು, ನೀವು ಬೆನ್ನ ಮ್ಯಾಲ ಬೀಳೂದು ಕಲೀಬೇಕು,
ನಾನು ಬಾಜೂಕ ಇರಬೇಕು.
ಅಲ್ಲೀ ತನಕ ಲಾಗಾ ಇಲ್ಲ.
ಮನ್ಯಾಗ ಹಾಸಿಗಿ ಮ್ಯಾಲೂ ಇಲ್ಲ, ಆಣಿ ಮಾಡ್ರಿ.
ಮಾಡಿದೆ.
ಕೆಳಗಿಳದರ ನೆಲ ಕಲ್ಲಾಗಿತ್ತು,
ಕಾಲು ಒಂದೊಂದು ಚೀಲ ಜೋಳ.

ಬುಧವಾರ. ನಲವಡಿ ದಾಟಿದ ಮ್ಯಾಲ
ಮಲ್ಲೇಶಿ ಹಂಪು ನೋಡಲಿಲ್ಲ.
ಇಡೀ ಗಾಡಿ ಎದ್ದತು:
ಬುಟ್ಟಿಯ ಬದನಿಕಾಯಿ, ಕೂಸು, ಸಾಲಿ ಚೀಲ,
ಟಿಕೆಟ್ ಮಿಷನ್ನು, ನಾನು.
ಕಣ್ಣು ಮುಂದಿನ ಗಾಜಿನ ಮ್ಯಾಲ,
ಮಣಕಾಲ ಬಗ್ಗಿತು, ಪುಟಿತಾನ ನುಂಗಿತು.
ನಡುಹಾದ್ಯಾಗ, ಏನೂ ಹಿಡೀದ ನಿಂತಿದ್ದೆ.

ಅಣ್ಣಿಗೇರಿಗೆ ಇಳಿಯೂ ಮುದುಕ ಒಬ್ಬಾಂವ
ಸೀಟಿನಿಂದ ಗೇಣು ಮ್ಯಾಲೆದ್ದು ಇಳದು
ಪಟಗಾ ಸರಿ ಮಾಡಿಕೋತ
ಬಾಯಾರ, ನನ್ನ ಎರಡು ರೂಪಾಯಿ ಅಂದ.
ನಾಲಗಿ ಇನ್ನೂ ಹಲ್ಲಿನ ಹಿಂದಿತ್ತು.
ಸುಮ್ಮನ ಕೊಟ್ಟೆ.